ಫ್ಯೂಷಿಯಾ: ಹೂವಿನ ಪಯಣ, ಎಲೆಯ ಪಾಡು

ಊಟಿ, ಕೊಡೈಕೆನಾಲ್‌ಗಳಂಥ ತಂಪು ಊರುಗಳಲ್ಲಿ, ಸೂರಿನಿಂದ ಇಳಿಬಿಟ್ಟ ಕುಂಡಗಳಲ್ಲಿ ಜುಮುಕಿಯಂತೆ ತಲೆಕೆಳಗಾಗಿ ತೂಗುವ ಕೆಂಪು-ನೇರಳೆ ಹೂಗಳನ್ನು ನೀವು ನೋಡಿರಬಹುದು. ಅದೇ ಫ್ಯೂಷಿಯಾ. ಇದನ್ನು ಬೆಳೆಸುವವರ ದೂರು ಸಾಮಾನ್ಯವಾಗಿ ಎಲೆಯದು. ಎಲೆ ಜೋಲುತ್ತದೆ, ಹಳದಿಯಾಗುತ್ತದೆ, ಮುದುಡುತ್ತದೆ. ಆಗ ಹಾಕಬೇಕಾದದ್ದು ನೀರೇ, ಗೊಬ್ಬರವೇ, ಔಷಧವೇ? ಉತ್ತರ ಬೇಕಿದ್ದರೆ ಈ ಗಿಡ ಎಲ್ಲಿಂದ ಬಂತು, ಅದರ ಬೆನ್ನಿಗೆ ಏನೇನು ಬಂತು ಎಂಬುದನ್ನು ತಿಳಿಯಬೇಕು.

ಕಾಣದ ಗಿಡಕ್ಕೆ ಹೆಸರಾದವರು

ಲಿಯೊನಾರ್ಟ್ ಫುಕ್ಸ್ (1501–1566) ಜರ್ಮನಿಯ ವೈದ್ಯ, ಟ್ಯೂಬಿಂಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1542ರಲ್ಲಿ ಅವರು ಪ್ರಕಟಿಸಿದ ಮೂಲಿಕೆಗಳ ಗ್ರಂಥದಲ್ಲಿ ನಿಜವಾದ ಗಿಡಗಳನ್ನೇ ನೋಡಿ ಬರೆದ ಐನೂರಕ್ಕೂ ಹೆಚ್ಚು ಚಿತ್ರಗಳಿವೆ. ಅಮೆರಿಕದಿಂದ ಹೊಸದಾಗಿ ಬಂದಿದ್ದ ಮೆಕ್ಕೆಜೋಳ, ಮೆಣಸಿನಕಾಯಿಗಳೂ ಅದರಲ್ಲಿ ಸೇರಿವೆ. ಸ್ವಾರಸ್ಯವೆಂದರೆ ಮೆಣಸಿನಕಾಯಿಯನ್ನು ಫುಕ್ಸ್ ಕಲ್ಲಿಕೋಟೆಯ ಮೆಣಸು ಎಂದು ಕರೆದರು. ಚಿತ್ರ ಸರಿಯಾಗಿತ್ತು, ಹುಟ್ಟೂರು ತಪ್ಪಾಗಿತ್ತು!

ಫುಕ್ಸ್ ತೀರಿಕೊಂಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಫ್ರಾನ್ಸಿನ ಸಂನ್ಯಾಸಿ ಹಾಗೂ ಸಸ್ಯವಿಜ್ಞಾನಿ ಚಾರ್ಲ್ಸ್ ಪ್ಲೂಮಿಯೆ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ (ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ) ಕೆಂಪು ಹೂವಿನ ಒಂದು ಗಿಡವನ್ನು ಕಂಡರು. 1703ರ ತಮ್ಮ ಗ್ರಂಥದಲ್ಲಿ ಅದಕ್ಕೆ ಫುಕ್ಸ್ ಅವರ ನೆನಪಿಗಾಗಿ ಫ್ಯೂಷಿಯಾ ಎಂದು ಹೆಸರಿಟ್ಟರು. 1753ರಲ್ಲಿ ಲಿನೆಯಸ್ ಆ ಹೆಸರನ್ನೇ ಉಳಿಸಿಕೊಂಡರು. ಫುಕ್ಸ್ ಮಾತ್ರ ಈ ಗಿಡವನ್ನು ಕಂಡವರೇ ಅಲ್ಲ.

ಬೆಟ್ಟದಿಂದ ಬುಟ್ಟಿಗೆ

ಫ್ಯೂಷಿಯಾ ಕುಲದಲ್ಲಿ ಸುಮಾರು 110 ಪ್ರಭೇದಗಳಿವೆ. ಹೆಚ್ಚಿನವು ಮಧ್ಯ ಮತ್ತು ದಕ್ಷಿಣ ಅಮೆರಿಕದ ತೇವಭರಿತ ತಂಪು ಬೆಟ್ಟಗಳವು. ಕೆಲವು ನ್ಯೂಜಿಲೆಂಡ್ ಹಾಗೂ ಟಹೀಟಿಯವು. ಅಮೆರಿಕದ ಅನೇಕ ಪ್ರಭೇದಗಳಿಗೆ ಪರಾಗಸ್ಪರ್ಶ ಮಾಡುವುದು ಹಮ್ಮಿಂಗ್ ಬರ್ಡ್. ಗಾಳಿಯಲ್ಲಿ ನಿಂತಲ್ಲೇ ಹಾರುತ್ತಾ ಮಕರಂದ ಹೀರಬಲ್ಲ ಈ ಹಕ್ಕಿಗೆ ಕುಳಿತುಕೊಳ್ಳಲು ಆಸರೆ ಬೇಡ. ಆದ್ದರಿಂದ ಸಣ್ಣ ತೊಟ್ಟಿನಿಂದ ಇಳಿಬಿದ್ದ ಹೂವೂ ಅದಕ್ಕೆ ಅನುಕೂಲವೇ.

ದಕ್ಷಿಣ ಚಿಲಿಯ ಮೆಗೆಲಾನಿಕ, ಮೆಕ್ಸಿಕೊದ ಫಲ್ಗೆನ್ಸ್ ಮುಂತಾದ ಪ್ರಭೇದಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ತೋಟಗಾರರು ಸಂಕರಗೊಳಿಸಿ ಸಾವಿರಾರು ತಳಿಗಳನ್ನು ಪಡೆದರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಕರಾವಳಿಯ ಮಂಜು ಮತ್ತು ತಂಪು ಈ ಗಿಡಕ್ಕೆ ಹಿಡಿಸಿತು. ಅಲ್ಲಿ 1929ರಲ್ಲಿ ಫ್ಯೂಷಿಯಾ ಪ್ರಿಯರ ಸಂಘವೇ ಹುಟ್ಟಿತು. ತೂಗುಬುಟ್ಟಿಗಳಲ್ಲಿ ಇಂದಿಗೂ ಹೆಸರಾದ 'ಸ್ವಿಂಗ್‌ಟೈಮ್' 1950ರಲ್ಲಿ ಬಂದ ಕ್ಯಾಲಿಫೋರ್ನಿಯದ ತಳಿ.

ಬೆನ್ನಿಗೆ ಬಂದ ನುಸಿ

ಗಿಡಗಳು ಖಂಡಾಂತರ ಹೋದವು. ಅವುಗಳ ಶತ್ರುಗಳಲ್ಲಿ ಕೆಲವು ಬಹುಕಾಲ ತವರಿನಲ್ಲೇ ಉಳಿದವು. 1972ರಲ್ಲಿ ಕ್ಯಾಲಿಫೋರ್ನಿಯದ ನುಸಿತಜ್ಞ ಹಾರ್ಟ್‌ಫರ್ಡ್ ಕೀಫರ್ ಬ್ರೆಜಿಲ್‌ನ ಫ್ಯೂಷಿಯಾದ ಮೇಲಿದ್ದ ಒಂದು ಹೊಸ ನುಸಿಯನ್ನು ವರ್ಣಿಸಿದರು. ಒಂಬತ್ತು ವರ್ಷಗಳ ಬಳಿಕ, 1981ರಲ್ಲಿ, ಅದೇ ನುಸಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡಿತು. 2007ರಲ್ಲಿ ಇಂಗ್ಲೆಂಡಿನಲ್ಲೂ ಪತ್ತೆಯಾಯಿತು.

ಇದರ ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟೂ ಇರದು. ಇತರ ನುಸಿಗಳಿಗೆ ಎಂಟು ಕಾಲು, ಇದರ ಕುಟುಂಬಕ್ಕೆ ನಾಲ್ಕೇ ಕಾಲು. ಇದು ಕುಡಿಯ ರಸ ಹೀರಿದಾಗ ಎಳೆಯ ಎಲೆ, ಮೊಗ್ಗುಗಳು ಊದಿಕೊಂಡು, ಸೊಟ್ಟಗಾಗಿ, ಕೆಂಪೇರುತ್ತವೆ. ನೋಡಿದವರು ವೈರಸ್ ರೋಗವೆಂದೇ ಭಾವಿಸಬಹುದು. ನುಸಿ ಕೀಟವಲ್ಲ, ಜೇಡದ ಬಳಗದ ಜೀವಿ. ಸಾಲದ್ದಕ್ಕೆ ಇದು ಮಡಿಕೆಗಳೊಳಗೆ ಅಡಗಿರುತ್ತದೆ. ಹೀಗಾಗಿ ಕೀಟಗಳಿಗೆಂದು ತಯಾರಾದ ಎಷ್ಟೋ ಔಷಧಗಳು ಇದಕ್ಕೆ ನಾಟುವುದಿಲ್ಲ. ಕೆಟ್ಟ ಕುಡಿಗಳನ್ನು ಕತ್ತರಿಸಿ ಸುಡುವುದು, ಅಂಥ ಗಿಡದಿಂದ ಕಡ್ಡಿ ತೆಗೆದು ನೆಡದಿರುವುದು, ನುಸಿಯನ್ನು ತಾಳಿಕೊಳ್ಳುವ ಥೈಮಿಫೋಲಿಯ, ಬೊಲಿವಿಯಾನದಂಥ ಪ್ರಭೇದಗಳನ್ನು ಬೆಳೆಸುವುದು – ಇವೇ ಭರವಸೆಯ ಹಾದಿಗಳು.

ಈ ಕಥೆ ನಮಗೆ ಹೊಸದಲ್ಲ. ನಮ್ಮ ತೆಂಗನ್ನು ಕಾಡಿದ ನುಸಿಯೂ ಇದೇ ಕುಟುಂಬದ್ದು! ಅದನ್ನು 1965ರಲ್ಲಿ ಮೆಕ್ಸಿಕೊದ ಗೆರೆರೊ ಪ್ರಾಂತದ ಮಾದರಿಗಳಿಂದ ವರ್ಣಿಸಿದವರೂ ಕೀಫರ್ ಅವರೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಅದು ಬೇಗನೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ಎಳೆಗಾಯಿಯ ತೊಟ್ಟಿನ ಬುಡದಲ್ಲಿ ಬಿಳಿಚಿದ ತ್ರಿಕೋನ ಮಚ್ಚೆ, ಆಮೇಲೆ ಕಂದು ಬಿರುಕು, ಕೊನೆಗೆ ಸೊರಗಿದ ಕಾಯಿ. 'ನುಸಿರೋಗ' ಎಂಬ ಹೆಸರು ಬಳಕೆಗೆ ಬಂದರೂ ಅದು ರೋಗವಲ್ಲ, ಪೀಡೆ.

ಎಲೆಯನ್ನು ಓದುವುದು

ಈಗ ಕುಂಡದ ಬಳಿ ಬನ್ನಿ. ಮಧ್ಯಾಹ್ನ ಎಲೆ ಜೋತುಬಿದ್ದಿದೆಯೇ? ನೀರು ಹಾಕುವ ಮೊದಲು ಮಣ್ಣಿನಲ್ಲಿ ಬೆರಳಿಟ್ಟು ನೋಡಿ. ಒಣಗಿದ್ದರೆ ನೀರು ಕೊಡಿ. ತೂಗುಕುಂಡಕ್ಕೆ ಎಲ್ಲ ಕಡೆಯಿಂದ ಗಾಳಿ ಬಡಿಯುವುದರಿಂದ ಅದು ಬೇಗ ಒಣಗುತ್ತದೆ. ಮಣ್ಣು ಒದ್ದೆಯಾಗಿದ್ದರೆ ಕಾರಣ ಬಿಸಿಲಿನ ಝಳವಿರಬಹುದು. ತಂಪು ಬೆಟ್ಟದ ಈ ಗಿಡವನ್ನು ನೆರಳಿಗೆ ಸರಿಸಿದರೆ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಮತ್ತೆ ಮತ್ತೆ ನೀರು ಸುರಿದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು, ಎಲೆ ಮತ್ತೆ ಜೋಲುತ್ತದೆ. ಬರ ಮತ್ತು ಅತಿನೀರು ಎರಡರದ್ದೂ ಒಂದೇ ಲಕ್ಷಣ!

ಹಳದಿ ಬಣ್ಣ ಎಲ್ಲಿದೆ ನೋಡಿ. ಕೆಳಗಿನ ಹಳೆಯ ಎಲೆಗಳಲ್ಲಿದ್ದರೆ ಸಾರಜನಕದ ಕೊರತೆ ಅಥವಾ ಅತಿನೀರು. ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಹಸಿರಾಗೇ ಉಳಿದಿದ್ದರೆ ಕಬ್ಬಿಣದ ಕೊರತೆ. ಎಲೆಯ ಕೆಳಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಿದ್ದರೆ ಅದು ತುಕ್ಕುರೋಗ, ಒಂದು ಶಿಲೀಂಧ್ರದ ಕೆಲಸ. ಅಂಥ ಎಲೆಗಳನ್ನು ಕಿತ್ತು, ಉಳಿದವುಗಳ ಮೇಲೆ ನೀರು ನಿಲ್ಲದಂತೆ, ಗಾಳಿಯಾಡುವಂತೆ ಮಾಡಿ. ಸಣ್ಣ ಚುಕ್ಕೆಗಳೂ ತೆಳುವಾದ ಬಲೆಯೂ ಇದ್ದರೆ ಒಣಹವೆಯ ಜೇಡನುಸಿ.

ಶಿಕ್ಷಕರು ಇದನ್ನು ಶಾಲೆಯಲ್ಲೇ ಮಾಡಿಸಬಹುದು. ಫ್ಯೂಷಿಯಾ ಸಿಗದಿದ್ದರೆ ದಾಸವಾಳವಾದರೂ ಆದೀತು. ರೋಗಪೀಡಿತ ಎಲೆಯೊಂದನ್ನು ಭೂತಗನ್ನಡಿಯಲ್ಲಿ, ಅನಂತರ ಸೂಕ್ಷ್ಮದರ್ಶಕದಲ್ಲಿ ನೋಡಲಿ. ಫುಕ್ಸ್ ಬರೆಸಿದಂತೆ, ಕಂಡದ್ದನ್ನು ಕಂಡಂತೆಯೇ ಚಿತ್ರಿಸಲಿ. ಕಾರಣದ ಹೆಸರನ್ನು ಆಮೇಲೆ ಬರೆಯಲಿ, ಔಷಧದ ಮಾತು ಕೊನೆಗಿರಲಿ.