ಓದುವ ಬಾಯಿ

ಬಸವಣ್ಣನವರ ವಚನವೊಂದರಲ್ಲಿ ಗಿಳಿ ಓದುತ್ತದೆ. ಅಷ್ಟೆಲ್ಲ ಓದಿದರೂ ಬೆಕ್ಕು ಬರುವುದು ಅದಕ್ಕೆ ಗೊತ್ತಾಗುವುದಿಲ್ಲ ಎಂಬುದು ಅಲ್ಲಿನ ಕುಟುಕು. ನನ್ನ ಗಮನವೆಲ್ಲ ಆ ಕ್ರಿಯಾಪದದ ಮೇಲೆ. ಗಿಳಿಯ ಮುಂದೆ ಓಲೆಗರಿಯಿಲ್ಲ, ಅಕ್ಷರವಿಲ್ಲ. ಆದರೂ ಅದು ಮಾಡುವುದು ‘ಓದು’. ಅಂದರೆ 12ನೆಯ ಶತಮಾನದ ಕನ್ನಡದಲ್ಲಿ ಓದುವುದಕ್ಕೆ ಕಣ್ಣು ಬೇಕೇಬೇಕೆಂದಿರಲಿಲ್ಲ, ಬಾಯಿ ಸಾಕಿತ್ತು.

ತಮಿಳಿನಲ್ಲಿರುವ ಇದರ ಸೋದರಪದ ಇಂದಿಗೂ ಬಾಯನ್ನು ಬಿಟ್ಟಿಲ್ಲ. ಅಲ್ಲಿನ ಶಿವಾಲಯಗಳಲ್ಲಿ ತೇವಾರ ಹಾಡುವವರು ‘ಓದುವಾರ್’. ಪುಸ್ತಕ ಓದುವುದಕ್ಕೆ ತಮಿಳರು ‘ಪಡಿ’ ಎಂಬ ಬೇರೆ ಪದ ಇಟ್ಟುಕೊಂಡರು. ನಾವು ಎಲ್ಲ ಹೊರೆಯನ್ನೂ ಒಂದೇ ಪದದ ಮೇಲೆ ಹೇರಿದೆವು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡಿಗರು ಓದದೆಯೂ ಕಾವ್ಯ ಬಲ್ಲವರೆಂದು ಹೊಗಳುವಾಗ ಅಲ್ಲಿ ಓದೆಂದರೆ ವ್ಯಾಸಂಗ. “ಮಗ ಏನು ಓದ್ತಿದಾನೆ?” ಎಂದು ಇವತ್ತು ಕೇಳಿದರೂ ಉತ್ತರ ಪುಸ್ತಕದ ಹೆಸರಲ್ಲ, ಪಿಯುಸಿ ಎಂದೋ ಬಿ.ಇ. ಎಂದೋ. ಮದುವೆಮನೆಯಲ್ಲಿ ಮುಯ್ಯಿ ‘ಓದಿಸುವಾಗ’ ಮಾತ್ರ ಹಳೆಯ ದನಿ ಮರಳುತ್ತದೆ: ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಚಪ್ಪರಕ್ಕೆಲ್ಲ ಕೇಳುವಂತೆ!

ಹಳೆಯ ಕಾವ್ಯ ಕೈಗೆತ್ತಿಕೊಂಡಾಗಲೆಲ್ಲ ನನಗೆ ಈ ಹಳೆಯ ಅರ್ಥವೇ ಬೇಕಾಗುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಮೊದಲೆರಡು ಸಾಲು 14 ಮಾತ್ರೆಯವು. ಮೂರನೆಯದು ಒಮ್ಮೆಗೇ 23ಕ್ಕೆ ಚಾಚಿಕೊಳ್ಳುತ್ತದೆ. ಮುಂದಿನ ಮೂರು ಸಾಲೂ ಹಾಗೆಯೇ. ಛಂದಸ್ಸಿನ ಲೆಕ್ಕಕ್ಕೆ ಪದ ಎಷ್ಟೋ ಕಡೆ ಸಾಲಿನ ತುದಿಯಲ್ಲಿ ಅರ್ಧಕ್ಕೇ ಮುರಿದು, ಉಳಿದರ್ಧ ಮುಂದಿನ ಸಾಲಿಗೆ ಜಾರುತ್ತದೆ. ಅಚ್ಚಿನ ಪುಟದಲ್ಲಿ ಕಣ್ಣು ಅಲ್ಲಿ ಮುಗ್ಗರಿಸುತ್ತದೆ. ಗಟ್ಟಿಯಾಗಿ ಓದಿ ನೋಡಿ, ಉಸಿರು ಆ ಮುರಿವನ್ನು ದಾಟಿಕೊಂಡೇ ಹೋಗುತ್ತದೆ. ಗಮಕಿಗಳಿಗೆ ಇದು ಹೊಸ ಸುದ್ದಿಯೇನಲ್ಲ. ಕುಮಾರವ್ಯಾಸ ಕಷ್ಟ ಎನ್ನುವವರಲ್ಲಿ ಹೆಚ್ಚಿನವರು ಅವನನ್ನು ಬಾಯಿ ಮುಚ್ಚಿಕೊಂಡು ಓದಿದವರು ಎಂಬುದು ನನ್ನ ಗುಮಾನಿ.

ಸಣ್ಣಕತೆ ಅಚ್ಚಿನ ಮಗು, ಅದಕ್ಕೆ ಮೌನದ ಓದೇ ಸಾಕು ಎನ್ನಬಹುದು. ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ಅಚ್ಚಿನ ಕಾಲದಲ್ಲೇ. ಆದರೆ ಅವರ ‘ರಂಗನ ಮದುವೆ’ಯ ನಿರೂಪಕನಿಗೆ ಅದು ಗೊತ್ತಿದ್ದಂತಿಲ್ಲ. ಕತೆಗೆ ಕೈಹಾಕುವ ಮೊದಲು ಅವನು ತನ್ನೂರಿನ ಮಾವಿನಕಾಯಿಯ ಹುಳಿಯನ್ನು ಬಣ್ಣಿಸುತ್ತ ಕೂರುತ್ತಾನೆ, ಎದುರಿಗೆ ಯಾರೋ ಕೂತು ಹೂಂಗುಟ್ಟುತ್ತಿರುವಂತೆ. ಮೌನವಾಗಿ ಓದಿದರೆ ಆ ಪುಟ ಪೀಠಿಕೆ ಅನ್ನಿಸುತ್ತದೆ. ದನಿಯೆತ್ತಿ ಓದಿದರೆ ಅಲ್ಲೇ ಕತೆ ಶುರುವಾಗಿರುತ್ತದೆ.

ಮನೆಯ ಕಪಾಟಿನಲ್ಲಿ ಕುಮಾರವ್ಯಾಸನ ಗದುಗಿನ ಭಾರತವೋ ಮಾಸ್ತಿಯವರ ಕತೆಗಳೋ ಇದ್ದರೆ ಇವತ್ತು ರಾತ್ರಿ ಒಂದು ಪುಟವನ್ನು ಮನೆಮಂದಿಗೆಲ್ಲ ಕೇಳುವಂತೆ ಓದಿ. ಟಿವಿಯನ್ನು ಮಾತ್ರ ಮೊದಲು ಆರಿಸಿ.