ಮದುವೆಗೆ ಮುಂಚೆ ಕೇಳಿದ ಕರಾರು ಪತ್ರ

1776ರ ಬೇಸಿಗೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. ಹೆಂಡತಿಯನ್ನು ಕಳೆದುಕೊಂಡ, ಎರಡು ಮಕ್ಕಳ ತಂದೆಯಾದ ನಲವತ್ತು ವರ್ಷದ ಎಂಜಿನಿಯರ್ ಒಬ್ಬ ಮರುಮದುವೆಗಾಗಿ ಅಲ್ಲಿಗೆ ಬಂದಿದ್ದಾನೆ. ಹುಡುಗಿಯ ಹೆಸರು ಆ್ಯನ್ ಮೆಕ್‌ಗ್ರೆಗರ್. ಆಕೆಯ ತಂದೆ ಬಟ್ಟೆಗೆ ಬಣ್ಣ ಹಾಕಿಸುವ ವ್ಯಾಪಾರಿ, ಲೆಕ್ಕದಲ್ಲಿ ಗಟ್ಟಿ ಮನುಷ್ಯ. "ಬರ್ಮಿಂಗ್‌ಹ್ಯಾಮಿನ ಆ ಸಾಹುಕಾರನ ಜೊತೆ ನಿಮಗೆ ಪಾಲುದಾರಿಕೆ ಇದೆ ಅನ್ನುತ್ತೀರಿ, ಪತ್ರ ತೋರಿಸಿ" ಎಂಬ ಧಾಟಿಯಲ್ಲಿ ಆತ ಕೇಳಿದ. ತೋರಿಸಲು ಪತ್ರವೇ ಇರಲಿಲ್ಲ! ಮಾತುಕತೆ ಆಗಿತ್ತು, ಕೆಲಸವೂ ಶುರುವಾಗಿ ಒಂದು ವರ್ಷ ಕಳೆದಿತ್ತು. ಕಾನೂನು ರೀತ್ಯಾ ಬರೆದುಕೊಂಡಿರಲಿಲ್ಲ, ಅಷ್ಟೆ.

ಆ ಎಂಜಿನಿಯರ್ ನಿಮಗೆ ಚೆನ್ನಾಗಿ ಗೊತ್ತಿರುವವನೇ: ಜೇಮ್ಸ್ ವ್ಯಾಟ್. ಬಿ.ಎಸ್‌ಸಿ. ಓದುವಾಗ ನಾನು ಉಗಿಯಂತ್ರದ ಚಿತ್ರ ಬಿಡಿಸಿ ಅಂಕ ಗಿಟ್ಟಿಸಿದ್ದೆ. ಆದರೆ ಅದಕ್ಕೆ ಹಣ ಹಾಕಿದವರು ಯಾರು, ಏನೆಂದು ಒಪ್ಪಿಕೊಂಡು ಹಾಕಿದರು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವ್ಯಾಟ್ ತನ್ನ ಕಂಡೆನ್ಸರಿಗೆ ಪೇಟೆಂಟ್ ಪಡೆದದ್ದು 1769ರಲ್ಲಿ. ಅವನ ಮೊದಲ ಪಾಲುದಾರ ಜಾನ್ ರೋಬಕ್. ವ್ಯಾಟನ ಮೇಲಿದ್ದ ಸುಮಾರು 1000 ಪೌಂಡ್ ಸಾಲವನ್ನು ವಹಿಸಿಕೊಂಡು, ಪೇಟೆಂಟಿನ ಮೂರರಲ್ಲಿ ಎರಡು ಪಾಲನ್ನು ಆತ ತೆಗೆದುಕೊಂಡಿದ್ದ. 1773ರಲ್ಲಿ ರೋಬಕ್ ದಿವಾಳಿಯಾದ. ಸಾಲ ಕೊಟ್ಟವರಲ್ಲಿ ಬರ್ಮಿಂಗ್‌ಹ್ಯಾಮಿನ ಸೋಹೋ ಕಾರ್ಖಾನೆಯ ಮ್ಯಾಥ್ಯೂ ಬೌಲ್ಟನ್ ಒಬ್ಬ. ಅವನಿಗೆ ಬರಬೇಕಿದ್ದುದು 1200 ಪೌಂಡ್. ಉಳಿದ ಸಾಲಗಾರರು ಈ ಯಂತ್ರಕ್ಕೆ ಮೂರು ಕಾಸಿನ ಬೆಲೆಯನ್ನೂ ಕಟ್ಟಿರಲಿಲ್ಲ. ಬೌಲ್ಟನ್ ಮಾತ್ರ ಹಣ ಬಿಟ್ಟು ಆ ಎರಡು ಪಾಲನ್ನು ಕೇಳಿ ಪಡೆದ. ಆದರೆ ಪೇಟೆಂಟಿನ ಅವಧಿ ಹದಿನಾಲ್ಕೇ ವರ್ಷ. ಅದರಲ್ಲಿ ಕೆಲವು ಆಗಲೇ ಕಳೆದುಹೋಗಿದ್ದವು. ಆದ್ದರಿಂದ ಪಾರ್ಲಿಮೆಂಟಿಗೆ ಅರ್ಜಿ ಹೋಯಿತು. 1775ರಲ್ಲಿ ಬಂದ ಶಾಸನ ಅವಧಿಯನ್ನು 1800ರವರೆಗೆ ವಿಸ್ತರಿಸಿತು.

ಈಗ ಗ್ಲಾಸ್ಗೋಗೆ ಮರಳೋಣ. ಭಾವೀ ಮಾವನ ಒತ್ತಾಯಕ್ಕೆ ಸಿಕ್ಕ ವ್ಯಾಟ್, ಒಪ್ಪಂದದ ಅಂಶಗಳನ್ನು ನೆನಪು ಮಾಡಿಕೊಂಡು 1776ರ ಜುಲೈನಲ್ಲಿ ಬೌಲ್ಟನ್‌ಗೆ ಪತ್ರ ಬರೆದ. ಒಂದು ಪಾಲುದಾರಿಕೆ ಪತ್ರದಲ್ಲಿ ಏನೇನಿರಬೇಕು ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ಈ ಕಾಗದವನ್ನು ನೆನಪಿಸಿಕೊಳ್ಳಿ.

ಮೊದಲು ಯಾರದು ಏನು ಎಂಬ ವಿಷಯ. ಪೇಟೆಂಟಿನ ಎರಡು ಪಾಲು ಬೌಲ್ಟನ್ನನದು. ಅದಕ್ಕೆ ಬೆಲೆಯಾಗಿ ಶಾಸನದ ಖರ್ಚು, ಮುಂದಿನ ಪ್ರಯೋಗಗಳ ಖರ್ಚು ಎಲ್ಲವೂ ಅವನದೇ, ಅದಕ್ಕೆ ಬಡ್ಡಿ ಇಲ್ಲ. ವ್ಯಾಪಾರಕ್ಕೆ ಹಾಕುವ ಬಂಡವಾಳ ಬೇರೆ; ಅದಕ್ಕೆ ಬಡ್ಡಿ ಉಂಟು. ಸರಕೆಲ್ಲ ಬೌಲ್ಟನ್ನನ ಸ್ವತ್ತು, ಅದೇ ಅವನಿಗೆ ಭದ್ರತೆ. ಕೂಲಿ, ಸಾಮಾನಿನ ಬೆಲೆ, ಬಡ್ಡಿ ಕಳೆದು ಉಳಿದ ಲಾಭದಲ್ಲಿ ವ್ಯಾಟನಿಗೆ ಮೂರನೇ ಒಂದು ಪಾಲು. ನೋಡಿ, 'ಲಾಭ' ಎಂಬ ಒಂದು ಪದವನ್ನು ಎಷ್ಟು ಜಾಗ್ರತೆಯಿಂದ ಬಿಡಿಸಿದ್ದಾರೆ! ಪಾಲು ಎಷ್ಟು ಎಂದು ಬರೆದು, ಏನನ್ನು ಕಳೆದ ಮೇಲೆ ಎಂದು ಬರೆಯದೆ ಕೆಟ್ಟ ಪಾಲುದಾರಿಕೆಗಳೇ ಹೆಚ್ಚು.

ನಂತರ ದುಡಿಮೆ. ನಕ್ಷೆ ಬರೆಯುವುದು, ಸೂಚನೆ ಕೊಡುವುದು, ಸ್ಥಳ ಅಳೆಯುವುದು ವ್ಯಾಟನ ಕೆಲಸ. ಲೆಕ್ಕ ಇಟ್ಟು ವರ್ಷಕ್ಕೊಮ್ಮೆ ತಾಳೆ ಹಾಕುವುದು ಬೌಲ್ಟನ್ನನದು. ಯಂತ್ರದ ಕೆಲಸಕ್ಕಾಗಿ ಯಾರು ಪ್ರಯಾಣ ಹೋದರೂ ಖರ್ಚು ಕಂಪನಿಯದು. ನನಗೆ ತುಂಬಾ ಹಿಡಿಸಿದ ಅಂಶ ಇನ್ನೊಂದಿದೆ. ಮುಖ್ಯ ಸಂಗತಿಗಳನ್ನು ಬರೆಯಲು ಒಂದು ಪುಸ್ತಕ ಇಡಬೇಕು. ಇಬ್ಬರೂ ಸಹಿ ಹಾಕಿದರೆ ಅಲ್ಲಿ ಬರೆದದ್ದಕ್ಕೆ ಕರಾರಿನಷ್ಟೇ ಬಲ. ಮುಂದೆ ಏನು ಬರುತ್ತದೋ ಇಂದೇ ಊಹಿಸಲು ಆಗುವುದಿಲ್ಲವಲ್ಲ!

ಇನ್ನು ಸಾವು. ಇಬ್ಬರಲ್ಲಿ ಒಬ್ಬ ತೀರಿಕೊಂಡರೆ ಅಥವಾ ಅಶಕ್ತನಾದರೆ ಮತ್ತೊಬ್ಬನೇ ಪೂರ್ಣ ನಿರ್ವಾಹಕ. ವಾರಸುದಾರರು ಕೈ ಹಾಕುವಂತಿಲ್ಲ, ಆದರೆ ಲೆಕ್ಕ ನೋಡಬಹುದು. ಹೆಚ್ಚಿನ ಶ್ರಮಕ್ಕೆ ನಿರ್ವಾಹಕನಿಗೆ ತಕ್ಕ ಕಮಿಷನ್. ಅವಧಿ 1775ರ ಜೂನ್ 1ರಿಂದ ಇಪ್ಪತ್ತೈದು ವರ್ಷ. ಇಬ್ಬರೂ ಸತ್ತರೆ ವಾರಸುದಾರರು ಹಾಗೆಯೇ ಮುಂದುವರಿಸಬೇಕು; ಎಲ್ಲರಿಗೂ ಇಷ್ಟವಿದ್ದರೆ ಕರಾರನ್ನು ಸುಟ್ಟುಹಾಕಬಹುದು ಎಂದೂ ವ್ಯಾಟ್ ಸೇರಿಸಿದ್ದ. ಮದುವೆಯ ಗಡಿಬಿಡಿಯಲ್ಲೂ ಹಾಸ್ಯ ಬಿಟ್ಟಿರಲಿಲ್ಲ.

ಇವನ್ನೆಲ್ಲ ಬರೆಯದೆ ಬಿಟ್ಟರೆ ಏನಾಗುತ್ತದೆ? ನಮ್ಮ ದೇಶದಲ್ಲಿ 1932ರ ಪಾಲುದಾರಿಕೆ ಅಧಿನಿಯಮ ಖಾಲಿ ಜಾಗವನ್ನು ತುಂಬುತ್ತದೆ. ಕರಾರು ಬೇರೆ ಹೇಳದಿದ್ದರೆ ಲಾಭವೂ ನಷ್ಟವೂ ಸಮಪಾಲು. ಒಬ್ಬ ಪಾಲುದಾರ ಸತ್ತರೆ ಸಂಸ್ಥೆಯೇ ವಿಸರ್ಜನೆ. ಆ ನಿಯಮ ಇವರಿಗೆ ಅನ್ವಯಿಸಿದ್ದರೆ ವ್ಯಾಟನಿಗೆ ಅರ್ಧ ಲಾಭ ಸಿಗುತ್ತಿತ್ತು, ಅರ್ಧ ನಷ್ಟವೂ ತಲೆಗೆ ಬರುತ್ತಿತ್ತು. ಸಾಲವೆಂದರೆ ನಿದ್ದೆಗೆಡುತ್ತಿದ್ದ ಆತ ಖಂಡಿತ ಒಪ್ಪುತ್ತಿರಲಿಲ್ಲ.

ಮದುವೆ ಅದೇ ವರ್ಷ ನಡೆಯಿತು. ಯಂತ್ರಗಳು ಕಾರ್ನ್‌ವಾಲಿನ ಗಣಿಗಳನ್ನು ಸೇರಿದವು. ಹಳೆಯ ನ್ಯೂಕೊಮೆನ್ ಯಂತ್ರಕ್ಕೆ ಹೋಲಿಸಿ, ಉಳಿದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ಶುಲ್ಕವಾಗಿ ವಸೂಲು ಮಾಡಿದರು. 1780ರಲ್ಲಿ ವ್ಯಾಟ್ ಪತ್ರಗಳ ನಕಲು ತೆಗೆಯುವ ಯಂತ್ರ ಕಂಡುಹಿಡಿದಾಗ ಅದನ್ನು ಹಳೆಯ ಕರಾರಿಗೆ ತುರುಕಲಿಲ್ಲ. ಜೇಮ್ಸ್ ಕೀರ್ ಎಂಬುವನನ್ನೂ ಸೇರಿಸಿಕೊಂಡು ಬೇರೆ ಕಂಪನಿ ಮಾಡಿದರು. ಆ ನಕಲುಗಳ ರಾಶಿಯೇ ಇಂದು ಬರ್ಮಿಂಗ್‌ಹ್ಯಾಮ್ ಗ್ರಂಥಾಲಯದಲ್ಲಿದ್ದು, ಇತಿಹಾಸಕಾರರಿಗೆ ಕೆಲಸ ಕೊಟ್ಟಿದೆ.

1800ರಲ್ಲಿ ಪೇಟೆಂಟೂ ಪಾಲುದಾರಿಕೆಯೂ ಒಟ್ಟಿಗೆ ಮುಗಿದವು. ಆಗ ಇಬ್ಬರೂ ಬದುಕಿದ್ದರು, ಸ್ನೇಹಿತರಾಗಿಯೇ ಇದ್ದರು. ಕಾರ್ಖಾನೆಯನ್ನು ಮಕ್ಕಳು ಮುಂದುವರಿಸಿದರು.