ಸೀರೆಯ ಲೆಕ್ಕ, ಅಂಗಿಯ ಬಾಕಿ

ಹೋದ ವರ್ಷ ಬೆಂಗಳೂರಿನ ಒಂದು ವಿಚಾರಸಂಕಿರಣಕ್ಕೆ ನನ್ನನ್ನೂ ಕರೆದಿದ್ದರು. ಹೆಣ್ಣು-ಗಂಡೆಂಬ ಗೆರೆ ದಾಟಿದ ಉಡುಗೆಯ ಮೇಲೆ ಚರ್ಚೆ. ಮೊದಲು ಮಾತಾಡಿದ ವಸ್ತ್ರವಿನ್ಯಾಸಕಾರ ಹುಡುಗ ಪರದೆಯ ಮೇಲೆ ಗಾಯಕ ಹ್ಯಾರಿ ಸ್ಟೈಲ್ಸ್‌ನ ಚಿತ್ರ ಹಾಕಿದ. 2020ರ ಡಿಸೆಂಬರಿನ ವೋಗ್ ಪತ್ರಿಕೆಯ ಮುಖಪುಟದಲ್ಲಿ ಅವನು ಗೌನು ತೊಟ್ಟು ನಿಂತ ಚಿತ್ರ. ಕತೆ ಇಲ್ಲಿಂದ ಶುರು ಅಂದ. ಅವನ ಬೆನ್ನಿಗೆ ಎದ್ದ ಹಿರಿಯರೊಬ್ಬರು ಅರ್ಧನಾರೀಶ್ವರನ ಚಿತ್ರ ಹಾಕಿ, ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು ಅಂದರು. ಊಟದ ಹೊತ್ತಿಗೆ ಇಬ್ಬರೂ ಒಂದೇ ಮೇಜಿಗೆ ಕೂತು ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಉಳಿದದ್ದು ಹತ್ತು ನಿಮಿಷ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾಂಗಲಿ ಜಿಲ್ಲೆ ಜತ್ ತಾಲೂಕಿನ ಉಟಗಿಯವನು. ನಮ್ಮ ಮನೆಮಾತು ಕನ್ನಡ, ಕಾಗದಪತ್ರ ಮರಾಠಿ. 2022ರ ಕೊನೆಗೆ ನಮ್ಮ ತಾಲೂಕಿನ ಹೆಸರು ಎರಡೂ ರಾಜ್ಯದ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ಗಡಿ ಮತ್ತು ನೀರಿನ ತಕರಾರು ಎದ್ದಾಗ ಬಿಟ್ಟರೆ ನಾವು ಯಾರ ನೆನಪಿಗೂ ಬರುವವರಲ್ಲ. ಆದರೆ ಹೆಣ್ಣುಡುಗೆ ಉಟ್ಟ ಗಂಡಸರ ಚರಿತ್ರೆ ಬರೆಯುವವರು ಈ ಸೀಮೆಯನ್ನು ಬಿಟ್ಟು ಬರೆಯಲಾರರು. ಮೂವತ್ತು ವರ್ಷ ಮಾಸ್ತರಿಕೆ ಮಾಡುತ್ತ ಸಣ್ಣಾಟ, ದೊಡ್ಡಾಟಗಳ ಹೆಣ್ಣು ಪಾತ್ರದ ಬಟ್ಟೆಬರೆ ಕೂಡಿಸಿದ್ದೇನೆ. ಅದಕ್ಕೂ ಮೊದಲು ಅವನ್ನು ಉಟ್ಟು ಕುಣಿದವನೂ ಹೌದು.

ಒಂದು ಭೇದ ಮೊದಲೇ ಹೇಳಿಬಿಡುತ್ತೇನೆ. ವೇಷ ಬೇರೆ, ಉಡುಗೆ ಬೇರೆ. ವೇಷ ಬೆಳಗಿನ ಜಾವಕ್ಕೆ ಕಳಚಿ ಟ್ರಂಕು ಸೇರುತ್ತದೆ. ಉಡುಗೆ ಉಟ್ಟವರು ಹೊತ್ತು ಏರಿದ ಮೇಲೂ ಅದರಲ್ಲೇ ನೀರಿಗೆ, ಸಂತೆಗೆ, ಆಸ್ಪತ್ರೆಗೆ ಹೋಗಬೇಕು. ಚಪ್ಪಾಳೆ ಬಿದ್ದದ್ದು ವೇಷಕ್ಕೆ, ಕಲ್ಲು ಬಿದ್ದದ್ದು ಉಡುಗೆಗೆ. ನಮ್ಮ ವಿದ್ವಾಂಸರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ.

ಹಳೆಯ ಕಾಲದ ಮಾತನ್ನು ಬೇಗ ಮುಗಿಸುತ್ತೇನೆ. ಜೇಡರ ದಾಸಿಮಯ್ಯನ ವಚನವೊಂದನ್ನು ಈ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ. ಮೊಲೆ ಮುಡಿ ಕಂಡು ಹೆಣ್ಣೆಂದರೂ, ಗಡ್ಡ ಮೀಸೆ ಕಂಡು ಗಂಡೆಂದರೂ ಒಳಗಿನ ಆತ್ಮ ಎರಡೂ ಅಲ್ಲವೆಂಬ ಮಾತು ಅಲ್ಲಿದೆ. ದಾಸಿಮಯ್ಯ ಕಸುಬಿನಿಂದ ನೇಕಾರ. ಆದರೂ ಆ ವಚನದಲ್ಲಿ ಮೈಗುರುತಿನ ಮಾತು ಬಂತೇ ಹೊರತು ಮಗ್ಗದಿಂದ ಇಳಿದ ಅರಿವೆಯ ಮಾತು ಬರಲಿಲ್ಲ. ಶರಣಸತಿ ಲಿಂಗಪತಿ ಭಾವದಲ್ಲಿ ಗಂಡಸರು ಹೆಣ್ಣಾದರು, ಸೀರೆ ಉಡಲಿಲ್ಲ. ಅಲ್ಲಿಂದ ಇಂದಿನ ಫ್ಯಾಶನ್ನಿಗೆ ನೇರ ದಾರಿ ಹಾಕುವವರು ನಡುವೆ ಎಷ್ಟು ಹಳ್ಳಗಳಿವೆ ಎಂದು ನೋಡಿಕೊಳ್ಳಬೇಕು.

ನಮ್ಮ ಕಡೆಯ ಹರದೇಶಿ-ನಾಗೇಶಿ ಹಾಡುಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ರಾತ್ರಿಯಿಡೀ ನಡೆಯುತ್ತದೆ. ಹರದೇಶಿಯವರದು ತುರಾಯಿ, ಶಿವನ ಪಕ್ಷ. ನಾಗೇಶಿಯವರದು ಕಲ್ಗಿ, ಶಕ್ತಿಯ ಪಕ್ಷ. ತುರಾಯಿಯೂ ಕಲ್ಗಿಯೂ ಗಂಡಸಿನ ಮುಂಡಾಸಿಗೆ ಸಿಗಿಸುವ ಒಡವೆಗಳು. ಹೆಣ್ಣಿನ ಹೆಚ್ಚುಗಾರಿಕೆಗೆ ಗುರುತು ಬೇಕಾದಾಗಲೂ ಗಂಡಿನ ತಲೆಯಿಂದಲೇ ತೆಗೆದುಕೊಂಡಂತಾಯಿತು. ಹಾಡಿನ ತತ್ವ ಬರೆದವರು ಬಹಳ ಮಂದಿ. ಈ ಸಣ್ಣ ವಿಚಿತ್ರದ ಮೇಲೆ ಯಾರೂ ಕಣ್ಣಿಟ್ಟಂತಿಲ್ಲ.

ಉಡುಗೆಯನ್ನು ಅಪರಾಧ ಮಾಡಿದ್ದು ಬ್ರಿಟಿಷರ ಕಾನೂನು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗ ಹಿಜ್ರಾಗಳ ಹೆಸರು ಪಟ್ಟಿ ಮಾಡಿಸಿತು. ಪಟ್ಟಿಯಲ್ಲಿದ್ದವರು ಬೀದಿಯಲ್ಲಿ ಹೆಣ್ಣಿನ ಬಟ್ಟೆ, ಒಡವೆ ತೊಟ್ಟು ಕಾಣಿಸಿಕೊಂಡರೆ ಎರಡು ವರ್ಷದವರೆಗೆ ಸೆರೆ. ಮೊದಲು ಅದು ಜಾರಿಯಾದದ್ದು ಉತ್ತರ ಭಾರತದಲ್ಲಿ. ಆದರೆ ಆ ಬುದ್ಧಿ ಇಡೀ ದೇಶದ ಪೊಲೀಸರಿಗೆ ಅಂಟಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಮತ್ತೆ ಅಂಥದೇ ಪಟ್ಟಿಗೆ ಅವಕಾಶ ಮಾಡಿಕೊಟ್ಟರು. ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಅದರ ಮಾತು ಬದಲಾಯಿತು.

ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ವೇಷಕ್ಕೆ ರಾಜಮರ್ಯಾದೆ ಸಿಗುತ್ತಿತ್ತು. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ ಸಾಂಗಲಿಗೆ ಬಂದು ಆಟ ಆಡಿತು. ನೋಡಿದ ಪಟವರ್ಧನ ಸಂಸ್ಥಾನಿಕರು ಇಂಥದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಗೆ ಹೇಳಿದರು. ಮರುವರ್ಷ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಕನ್ನಡ ಕರಾವಳಿಯ ಸ್ತ್ರೀವೇಷದ ಗಂಡಸರು ಹಾಕಿಕೊಟ್ಟ ದಾರಿಯಲ್ಲಿ ಮರಾಠಿ ಸೀತೆ ನಡೆದಳು. ಸಾಂಗಲಿಯ ನಾಟ್ಯೋತ್ಸವಗಳಲ್ಲಿ ಈ ಮಾತು ಒಂದು ವಾಕ್ಯಕ್ಕೆ ಮುಗಿಯುತ್ತದೆ, ಕನ್ನಡದ ಕಡೆ ಅಷ್ಟೂ ಇಲ್ಲ.

ಇದೇ ಜಿಲ್ಲೆಯ ನಾಗಠಾಣೆಯಲ್ಲಿ 1888ರಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಹುಟ್ಟಿದರು. ಮರಾಠಿ ರಂಗದ ಸ್ತ್ರೀಪಾತ್ರಧಾರಿ ಬಾಲಗಂಧರ್ವ ಅಂದರೆ ಎಲ್ಲರಿಗೂ ಗೊತ್ತು. 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿ, 1913ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಅವರು ಉಟ್ಟ ರೀತಿಯಲ್ಲಿ ಒಂಬತ್ತು ವಾರಿ ಸೀರೆ ಉಡುವುದನ್ನು, ಅವರ ಹಾಗೆ ಹೂವು ಮುಡಿಯುವುದನ್ನು ಮರ್ಯಾದಸ್ಥ ಮನೆಗಳ ಹೆಂಗಸರು ಕಲಿತರು. ಫ್ಯಾಶನ್ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ. ಗಂಡಸೊಬ್ಬ ಹೆಂಗಸರಿಗೆ ಹೆಣ್ಣಿನ ಹಾಗೆ ಉಡುವುದನ್ನು ಕಲಿಸಿದ. ಆ ಹೆಂಗಸರಲ್ಲಿ ಯಾರೂ ಆಗ ರಂಗದ ಮೇಲೆ ಕಾಲಿಡುವಂತಿರಲಿಲ್ಲ. ಹೊಗಳುವವರು ಮೊದಲ ಮಾತಿಗೇ ನಿಲ್ಲುತ್ತಾರೆ.

ಕನ್ನಡ ಕಂಪನಿಗಳಲ್ಲಿ ಗುಬ್ಬಿ ವೀರಣ್ಣನವರಂಥವರೂ ಮೊದಮೊದಲು ಹೆಣ್ಣಾಗಿ ಬಣ್ಣ ಹಚ್ಚಿದವರೇ. ನಮಗೆ ಹತ್ತಿರದವರೆಂದರೆ ಸವದತ್ತಿ ತಾಲೂಕಿನ ಏಣಗಿ ಬಾಳಪ್ಪ. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದರು. ಹುಡುಗನಿದ್ದಾಗ ಸ್ತ್ರೀಪಾತ್ರಕ್ಕೆ ಹೆಸರಾಗಿ, ಮುಂದೆ ಬಸವೇಶ್ವರನ ಪಾತ್ರಕ್ಕೆ ಇನ್ನೂ ಹೆಸರಾದರು. ಆ ಕಾಲದ ಒಳ್ಳೆಯ ನಟನ ಬಾಳಿನ ಏಣಿ ಹಾಗೇ ಇತ್ತು. ದನಿ ಒಡೆಯುವವರೆಗೆ ಸೀರೆ, ಆಮೇಲೆ ಕಿರೀಟ.

ಇನ್ನು ನಮ್ಮ ಪೀಳಿಗೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆದರೆ ಓದುಗರು ಕ್ಷಮಿಸಬೇಕು, ಬೇರೆ ಯಾರೂ ಬರೆಯುವ ಲಕ್ಷಣ ಕಾಣದು. ಎಪ್ಪತ್ತರ ದಶಕದಲ್ಲಿ ನಾನು ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಗಂಗಾ ಆಗಿದ್ದೆ. ಕಥೆ ಬೈಲಹೊಂಗಲದ್ದು, ಆದರೆ ನಮ್ಮ ಕಡೆ ಗಂಗಾ ಚೆಂದ ಕುಣಿದರೆ ಆಟ ಗೆದ್ದಂತೆ. ಅಕ್ಕನ ಇಳಕಲ್ ಸೀರೆ, ಅವ್ವನ ಗುಳೇದಗುಡ್ಡದ ಖಣದ ಕುಪ್ಪಸ. ತಲೆಗೆ ಗಂಗಾವನ ಸೇರಿಸಿ ತುರುಬು. ಎದೆಗೆ ಅರಿವೆಯ ಉಂಡೆ. ಮುಖಕ್ಕೆ ಸಫೇದಾ, ಕೆನ್ನೆಗೆ ಇಂಗಳೀಕ. ಕಷ್ಟವಿದ್ದದ್ದು ಸೀರೆಯಲ್ಲಿ ಅಲ್ಲ, ಕುಪ್ಪಸದಲ್ಲಿ. ಸೀರೆ ಯಾವ ಮೈಗಾದರೂ ಹೊಂದುತ್ತದೆ, ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಕುಪ್ಪಸಕ್ಕೆ ಗೊತ್ತು. ಭುಜ ಅಗಲ, ಕಂಕುಳಲ್ಲಿ ಬಿಗಿ, ಕೈ ಎತ್ತಿದರೆ ಹರಿಯುತ್ತದೆ. ನಮ್ಮೂರ ಸಿಂಪಿಗ ಕಾಕಾ ಕಂಕುಳಲ್ಲಿ ಚೌಕ ತುಂಡೊಂದು ಕೂಡಿಸಿ ಹೊಲಿದುಕೊಟ್ಟ. “ಕೈ ಎಷ್ಟರ ಎತ್ತೋ ತಮ್ಮಾ, ಇನ್ನ ಹರಿಯಂಗಿಲ್ಲ” ಅಂದ.

“ಇದನ್ನ ಎಲ್ಲಿ ಕಲಿತಿ ಕಾಕಾ?” ಅಂತ ಕೇಳಿದೆ.

“ಜೋಗಪ್ಪಗೋಳು ಕಲಿಸ್ಯಾರ. ಅವರದು ಒಂದ ರಾತ್ರಿಗೆ ಮುಗಿಯೂದಲ್ಲಲ್ಲ.”

ನನ್ನ ಅಭ್ಯಾಸ ಶುರುವಾದದ್ದು ಆ ಮಾತಿನಿಂದ. ಸಣ್ಣಾಟದ ವೇಷಕ್ಕೆ ಬೇಕಾದ ಕಸುಬು ಎಲ್ಲವ್ವ ದೇವಿಯ ಹೆಸರಿನಲ್ಲಿ ಸೀರೆ ಉಡುವ ಜೋಗಪ್ಪಗಳ ಉಡುಗೆಯಿಂದ ಬಂದಿತ್ತು. ಸಾಲ ಪಡೆದವರು ನಾವು.

ಜತ್ತಿನ ಎಲ್ಲವ್ವನ ಜಾತ್ರೆ ಮಾರ್ಗಶಿರದಲ್ಲಿ. ಸವದತ್ತಿಯಲ್ಲೂ ಅದೇ ತಿಂಗಳ ಹುಣ್ಣಿಮೆಗೆ ಎಲ್ಲವ್ವ ವಿಧವೆಯಾಗುತ್ತಾಳೆ, ಬಳೆ ಒಡೆಯುತ್ತದೆ. ಮಾಘದ ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ, ಮತ್ತೆ ಬಳೆ. ಜೋಗಪ್ಪಗಳೂ ಅವಳೊಂದಿಗೆ ಬಳೆ ಒಡೆದುಕೊಂಡು, ಅವಳೊಂದಿಗೇ ತೊಡುತ್ತಾರೆ. ಹುಡುಗನಿಗೆ ತಲೆಯಲ್ಲಿ ಜಡೆಗಟ್ಟಿದರೆ, ಸೀರೆಯ ಹಂಬಲ ಹತ್ತಿದರೆ ಅವ್ವ ಮೈಮೇಲೆ ಬಂದಳೆಂದು ಮುತ್ತು ಕಟ್ಟಿಸುತ್ತಾರೆ. ಆಮೇಲೆ ಕೈಗೆ ಚೌಡಿಕೆ, ತಲೆಯ ಮೇಲೆ ಕೊಡ, ಹಣೆಗೆ ಭಂಡಾರ. ಶಸ್ತ್ರಚಿಕಿತ್ಸೆ ಅವರಲ್ಲಿ ಕಟ್ಟಳೆಯಲ್ಲ. ಮುತ್ತು ಮತ್ತು ಸೀರೆಯೇ ಗುರುತು. ಎಲ್ಲರೂ ಎಲ್ಲ ದಿನ ಸೀರೆ ಉಡುವವರೂ ಅಲ್ಲ. ಮನೆಯಲ್ಲಿ ಲುಂಗಿ, ಅಂಗಿ, ಮಂಗಳವಾರ ಶುಕ್ರವಾರ ಜೋಗಕ್ಕೆ ಹೊರಟಾಗ ಸೀರೆ ಎಂಬವರೂ ಇದ್ದಾರೆ. ಬೆಂಗಳೂರಿನ ಆ ಹುಡುಗ ಗಂಡು ಹೆಣ್ಣಿನ ನಡುವೆ ಹರಿದಾಡುವ ಉಡುಗೆಯ ಬಗ್ಗೆ ಮಾತಾಡುತ್ತಿದ್ದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ವಾರದ ಲೆಕ್ಕ. ಅರ್ಧನಾರೀಶ್ವರನನ್ನು ತೋರಿಸಿದ ಹಿರಿಯರಿಗೂ ಒಂದು ಮಾತು ಕೇಳಬೇಕಿತ್ತು. ಎಲ್ಲವ್ವನ ಹೆಸರಿಲ್ಲದೆ ಬರಿಯ ಹಂಬಲದಿಂದ ಸೀರೆ ಉಟ್ಟ ಮಗನನ್ನು ನಿಮ್ಮ ಓಣಿ ಇಟ್ಟುಕೊಂಡಿತೇ?

ಜೋಗಪ್ಪಗಳ ಬಗ್ಗೆ ವಿದ್ವತ್ತು ಏನು ಮಾಡಿತು? ಭೀಮಾ ದಂಡೆಯ ಹಲಸಂಗಿ ನಮ್ಮಿಂದ ದೂರವಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಕನ್ನಡ ಜಾನಪದಕ್ಕೆ ಹೊಸ ಬಾಗಿಲು ತೆರೆಯಿತು. ಅವರ ಉಪಕಾರ ದೊಡ್ಡದು. ಬಾಗಿಲ ಮೇಲೆ ಬರೆದದ್ದು ಮಾತ್ರ ಗರತಿಯ ಹೆಸರು. ಚೌಡಿಕೆಯವರು ಬಹಳ ಕಾಲ ಹೊರಗೇ ಕಾದರು. ಜೋಗಪ್ಪಗಳ ಮೇಲೆ ಗಂಭೀರವಾದ ಬರಹವೊಂದನ್ನು ಪ್ರಕಟಿಸಲು 1983ರಲ್ಲಿ ನಿಕೋಲಸ್ ಬ್ರಾಡ್‌ಫೋರ್ಡ್ ಎಂಬ ಪರದೇಶದ ಮಾನವಶಾಸ್ತ್ರಜ್ಞ ಬೇಕಾದರು. ಅವರಿಗೆ ಕಂಡದ್ದು ದೇವಿಯ ಕಾವು, ಕಾಟ, ರೋಗ. ಕುಪ್ಪಸದ ಕಂಕುಳ ಕಾಣಲಿಲ್ಲ. ಅದರ ಹಿಂದಿನ ವರ್ಷವೇ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ಮಾಡಿತ್ತು. ಹೆಣ್ಣುಮಕ್ಕಳನ್ನು ಉಳಿಸಲು ಅದು ಬೇಕೇಬೇಕಿತ್ತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದರ ಬೆನ್ನಿಗೆ ಜೋಗಪ್ಪಗಳ ಮುತ್ತೂ ಮರೆಗೆ ಸರಿಯಿತು. ಅವರನ್ನು ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಸಿನಿಮಾದವರು ಆಮೇಲೆ ಬಂದರು. ಮರಾಠಿಯ ‘ಜೋಗವಾ’ದಲ್ಲಿ ಜೋಗತ್ಯಾನಾಗಿ ಸೀರೆ ಉಟ್ಟ ಉಪೇಂದ್ರ ಲಿಮಯೆಗೆ ರಾಷ್ಟ್ರಪ್ರಶಸ್ತಿ ಬಂತು. 2010ರ ‘ನಟರಂಗ’ದಲ್ಲಿ ಕುಸ್ತಿಯ ಹುಚ್ಚಿನವನೊಬ್ಬ ತಮಾಶಾದ ನಾಚ್ಯಾ ಆಗುತ್ತಾನೆ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ, ಅದರ ಮೇಕಪ್ಪಿಗೂ ಪ್ರಶಸ್ತಿ. ಮೂರೂ ಒಳ್ಳೆಯ ಚಿತ್ರಗಳು, ಮೂವರೂ ದೊಡ್ಡ ನಟರು. ಆದರೆ ಗೆದ್ದದ್ದು ಮತ್ತೆ ವೇಷವೇ, ಚಿತ್ರೀಕರಣ ಮುಗಿದ ಸಂಜೆ ಕಳಚಿದ್ದು.

ಹಾಗಾಗಿ 2021ರ ನವೆಂಬರಿನ ಒಂದು ದಿನ ನನಗೆ ಬೇರೆ ಥರದ್ದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡ, ಕಾಳವ್ವ ಜೋಗತಿಯಿಂದ ಕುಣಿತ ಕಲಿತ ಮಂಜಮ್ಮ ಜೋಗತಿ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುನ್ನ ರಾಷ್ಟ್ರಪತಿಗಳಿಗೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದರು. 2019ರಿಂದ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿಯೂ ಇದ್ದರು. ಪತ್ರಿಕೆಗಳು ಆ ಗಳಿಗೆಯನ್ನು ಚೆಂದದ ಚಿತ್ರವಾಗಿ ಹಾಕಿದವು. ನಾನು ನೋಡಿದ್ದು ಸೆರಗನ್ನು. ಕಳಚಿ ಇಡುವ ಸೆರಗಲ್ಲ ಅದು. ಅದೇ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯಲ್ಲಿ ಹಿಜ್ರಾ, ಕಿನ್ನರ, ಅರವಾನಿಗಳ ಜೊತೆ ಜೋಗತಾ ಎಂಬ ಹೆಸರೂ ಸೇರಿತ್ತು.

ಇಷ್ಟಾದರೂ ನಮ್ಮ ಕ್ಷೇತ್ರ ಒಂದೇ ಕಣ್ಣಿನಿಂದ ನೋಡಿದೆ. ಈವರೆಗೆ ನಾನೂ ಸೇರಿ ಎಲ್ಲರೂ ಬರೆದದ್ದು ಗಂಡಿನ ಮೈಮೇಲಿನ ಸೀರೆಯ ಬಗ್ಗೆ. ಹೆಣ್ಣಿನ ಮೈಮೇಲೆ ಗಂಡಸಿನ ಬಟ್ಟೆ ಬಂದಾಗ ಏನಾಯಿತು? ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಮೀಸೆ ತಿರುವಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ಆ ಉಡುಪುಗಳ ಬಗ್ಗೆ ಒಂದು ಒಳ್ಳೆಯ ಲೇಖನ ಓದಬೇಕೆಂದು ಇನ್ನೂ ಕಾದಿದ್ದೇನೆ. ಅದೂ ವೇಷವೇ ಅನ್ನಿ. ಉಡುಗೆ ನೋಡಬೇಕಾದರೆ ದಸರೆಯ ನಂತರ ನಮ್ಮೂರ ರಸ್ತೆಗೆ ಬರಬೇಕು. ಜತ್ ತಾಲೂಕಿನಿಂದ ಕಬ್ಬು ಕಡಿಯಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ಪೂರ್ತಿ ತೋಳಿನ ಅಂಗಿ ತೊಟ್ಟು ಟ್ರ್ಯಾಕ್ಟರ್ ಹತ್ತುತ್ತಾರೆ. ಕಬ್ಬಿನ ರವುದಿ ತೋಳು ಕೊಯ್ಯದಿರಲಿ ಎಂದು. ದ್ರಾಕ್ಷಿ, ದಾಳಿಂಬೆ ತೋಟದಲ್ಲೂ ಅದೇ ಅಂಗಿ. ಅದನ್ನು ಯಾರೂ ಗೆರೆ ದಾಟುವುದು ಅನ್ನುವುದಿಲ್ಲ, ಕೂಲಿ ಅನ್ನುತ್ತಾರೆ. ಚಪ್ಪಾಳೆಯೂ ಇಲ್ಲ, ಕಲ್ಲೂ ಇಲ್ಲ.

ನನ್ನ ಅವ್ವನೂ ಹಾಗೇ ಹೋಗುತ್ತಿದ್ದಳು, ಅಪ್ಪನ ಬಿಳಿ ನೆಹರೂ ಅಂಗಿ ತೊಟ್ಟು. ಸೀರೆಗೆ ಕಿಸೆಯಿಲ್ಲ, ಅಂಗಿಗೆ ಎರಡು. ಒಂದರಲ್ಲಿ ಎಲೆ-ಅಡಿಕೆ, ಇನ್ನೊಂದರಲ್ಲಿ ಮುಕಾದಮನ ಚೀಟಿ. ಕೆಲಸದಿಂದ ಬಂದ ಮೇಲೂ ರಾತ್ರಿ ಊಟದವರೆಗೆ ಅದನ್ನು ತೆಗೆಯುತ್ತಿರಲಿಲ್ಲ. ಬೈದರೆ, “ತಡಿಯೋ, ಇದರಾಗ ರೊಕ್ಕ ಐತಿ” ಅನ್ನುತ್ತಿದ್ದಳು. ನನ್ನ ಟ್ರಂಕುಗಳಲ್ಲಿ ಇಂದು ಗಂಗಾನ ಕುಪ್ಪಸಗಳಿವೆ, ಸತ್ಯಭಾಮೆಯ ಸೀರೆಗಳಿವೆ, ಜೋಗಪ್ಪ ಒಬ್ಬರು ಕೊಟ್ಟ ಹಸಿರು ಬಳೆಗಳಿವೆ. ಆ ಅಂಗಿ ಇಲ್ಲ. ಅವ್ವ ತೀರಿಕೊಂಡ ವರ್ಷ ಅದನ್ನು ಹರಿದು ಸೈಕಲ್ಲು ಒರೆಸುವ ಅರಿವೆ ಮಾಡಿಕೊಂಡೆ.